ಕಾರಿನ ಕನ್ನಡಿಗೆ ಹಕ್ಕಿ ಯಾಕೆ ಕುಕ್ಕುತ್ತೆ?

ಪ್ರಶ್ನೆ: ಹದಿನೈದು ದಿನದಿಂದ ದಿನಾ ಬೆಳಿಗ್ಗೆ ಒಂದು ಹಕ್ಕಿ ಬಂದು ನಮ್ಮ ಕಾರಿನ ಕನ್ನಡಿಗೆ ಕುಕ್ಕುತ್ತಿದೆ. ಓಡಿಸಿದರೆ ಹೋಗುತ್ತೆ, ಐದೇ ನಿಮಿಷಕ್ಕೆ ವಾಪಸ್ ಬರುತ್ತೆ. ಕಾರಿನ ಬಾಗಿಲ ತುಂಬಾ ಹಿಕ್ಕೆ. ನಮ್ಮ ಅತ್ತೆ ಇದು ಅಪಶಕುನ ಅಂತಿದ್ದಾರೆ. ಹಕ್ಕಿ ಯಾಕೆ ಹೀಗೆ ಮಾಡುತ್ತೆ? ನಾವೇನು ಮಾಡಬೇಕು?

ಅಪಶಕುನ ಖಂಡಿತ ಅಲ್ಲ. ಮೊದಲು ಅತ್ತೆಗೆ ಅದನ್ನು ಹೇಳಿ, ಅವರಿಗೆ ಸಮಾಧಾನ ಆಗಲಿ. ಕನ್ನಡಿಯೊಳಗೆ ಕಾಣುತ್ತಿರುವುದು ತಾನೇ ಅಂತ ಆ ಹಕ್ಕಿಗೆ ಗೊತ್ತಿಲ್ಲ. ಅದಕ್ಕೆ ಅಲ್ಲಿ ಕಾಣುವುದು ಇನ್ನೊಂದು ಹಕ್ಕಿ, ತನ್ನ ಜಾಗಕ್ಕೆ ನುಗ್ಗಿ ಬಂದ ಹಕ್ಕಿ. ಅದನ್ನು ಓಡಿಸಲು ಜಗಳಕ್ಕೆ ನಿಂತಿದೆ, ಅಷ್ಟೇ.

ಹಾಸನದಲ್ಲಿ ಚಳಿ ಬಿಟ್ಟಿತು ಅಂದರೆ ಸಾಕು, ಮುಂಗಾರು ಹಿಡಿಯುವವರೆಗೂ ಬೆಳಗಿನ ವಾಕಿಂಗ್‌ನಲ್ಲಿ ಸಿಕ್ಕವರೆಲ್ಲ ನನ್ನನ್ನು ಕೇಳುವ ಪ್ರಶ್ನೆ ಇದು. ಮಹಾರಾಜ ಪಾರ್ಕಿನಲ್ಲಿ ಕೇಳುತ್ತಾರೆ, ಹಾಲಿನ ಅಂಗಡಿ ಮುಂದೆ ಕೇಳುತ್ತಾರೆ. ಕೇಳುವುದು ನನಗೆ ತುಂಬಾ ಖುಷಿ, ಯಾಕೆಂದರೆ ಅವತ್ತಿನವರೆಗೂ ಹಕ್ಕಿ ಕಡೆ ತಲೆ ಎತ್ತಿ ನೋಡದವರೂ ತಮ್ಮ ಕಾರಿಗೆ ಬಂದ ಹಕ್ಕಿಯನ್ನು ಮಾತ್ರ ಚೆನ್ನಾಗಿ ನೋಡಿರುತ್ತಾರೆ.

ನಮ್ಮ ವಿದ್ಯಾನಗರದ ಬೀದಿಯಲ್ಲಿ ಹೋದ ಏಪ್ರಿಲ್‌ನಲ್ಲಿ ಒಂದು ದಿನ ನಾನು ವಾಕಿಂಗ್ ನಿಲ್ಲಿಸಿ ಇದನ್ನು ಪೂರ್ತಿ ನೋಡಿದೆ. ಆರೂಮುಕ್ಕಾಲು ಇರಬೇಕು. ಬಿಳಿ ಕಾರು, ಎಡಗಡೆ ಕನ್ನಡಿ, ಅದರ ಮೇಲೆ ಒಂದು ಪಿಕಳಾರ. ಬುಲ್‌ಬುಲ್ ಅಂತಾರಲ್ಲ, ಅದೇ. ತಲೆ ಮೇಲೆ ಕಪ್ಪು ಚೂಪು ಜುಟ್ಟು, ಕಣ್ಣಿನ ಹಿಂದೆ ಕುಂಕುಮ ಇಟ್ಟ ಹಾಗೆ ಕೆಂಪು ಚುಕ್ಕೆ, ಬಾಲದ ಬುಡದಲ್ಲೂ ಕೆಂಪು. ಮೇಲಿಂದ ಬಗ್ಗಿ ಕನ್ನಡಿ ನೋಡಿತು. ಜುಟ್ಟು ನೆಟ್ಟಗಾಯಿತು. ಕೆಳಗಿನ ಅಂಚಿಗೆ ಇಳಿದು ಕುಕ್ಕಿತು, ಕಾಲು ಜಾರಿತು, ರೆಕ್ಕೆ ಬಡಿದು ಮತ್ತೆ ಹತ್ತಿತು. ಆಮೇಲೆ ಅದು ಮಾಡಿದ್ದು ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಕನ್ನಡಿಯ ಹಿಂಬದಿಗೆ ಹಾರಿ ಹೋಗಿ, ಅಲ್ಲಿ ಇಣುಕಿ, ಆ ಇನ್ನೊಂದು ಹಕ್ಕಿ ಎಲ್ಲಿ ಅಡಗಿದೆ ಅಂತ ಹುಡುಕಿತು. ಇರಲಿಲ್ಲ. ಮುಂದೆ ಬಂತು, ಇತ್ತು! ಮತ್ತೆ ಕುಕ್ಕಿತು. ಹೀಗೆ ಹತ್ತು ನಿಮಿಷ.

ನಿಜವಾದ ಜಗಳ ಇಷ್ಟು ಹೊತ್ತು ನಡೆಯುವುದು ಕಮ್ಮಿ. ಇಬ್ಬರಲ್ಲಿ ಒಬ್ಬರು ಸೋತು ಹಾರಿಹೋಗುತ್ತಾರೆ. ಎಷ್ಟೋ ಸಲ ಕೂಗಾಟದಲ್ಲೇ ಮುಗಿಯುತ್ತೆ. ಆದರೆ ಕನ್ನಡಿಯೊಳಗಿನ ಹಕ್ಕಿ ಸೋಲುವುದೇ ಇಲ್ಲ. ಇದು ಎಷ್ಟು ಜೋರಾಗಿ ಕುಕ್ಕುತ್ತೋ ಅದೂ ಅಷ್ಟೇ ಜೋರಾಗಿ ಕುಕ್ಕುತ್ತೆ. ಇದು ಹಿಂದೆ ಸರಿದರೆ ಅದೂ ಮಾಯ. ಓಡಿಸಿದೆ ಅಂದುಕೊಂಡು ಹೋಗಿ, ಐದು ನಿಮಿಷ ಬಿಟ್ಟು ಬಂದು ನೋಡಿದರೆ ಅದೇ ಜಾಗದಲ್ಲಿ ಅದೇ ಹಕ್ಕಿ ಕೂತಿದೆ! ಅದಕ್ಕೇ ನಿಮ್ಮ ಹಕ್ಕಿ ವಾಪಸ್ ವಾಪಸ್ ಬರುತ್ತಿರುವುದು.

ಹಕ್ಕಿ ಎಷ್ಟು ಸಣ್ಣ ಗುರುತಿಗೆ ಕೆರಳುತ್ತೆ ಅನ್ನುವುದಕ್ಕೆ ಒಂದು ಹಳೆಯ ಪ್ರಯೋಗ ಇದೆ. ಇಂಗ್ಲೆಂಡಿನಲ್ಲಿ ಡೇವಿಡ್ ಲ್ಯಾಕ್ ಅನ್ನುವವರು 1930ರ ದಶಕದಲ್ಲಿ ಅಲ್ಲಿನ ರಾಬಿನ್ ಹಕ್ಕಿಗಳ ಜಾಗದಲ್ಲಿ ಬರೀ ಒಂದು ಹಿಡಿ ಕೆಂಪು ಎದೆಗರಿ ಇಟ್ಟು ನೋಡಿದರು. ತಲೆ ಇಲ್ಲ, ಕಣ್ಣಿಲ್ಲ, ರೆಕ್ಕೆ ಇಲ್ಲ, ಬರೀ ಗರಿ. ಅದರ ಮೇಲೂ ರಾಬಿನ್ ಜಗಳಕ್ಕೆ ಬಿತ್ತು. ಕೆಂಪು ಎದೆ ಅಂದರೆ ಎದುರಾಳಿ, ಅಷ್ಟೇ ಲೆಕ್ಕ. ಹಾಗಿದ್ದ ಮೇಲೆ ಕನ್ನಡಿಯಲ್ಲಿ ಪೂರ್ತಿ ಹಕ್ಕಿಯೇ ಕಂಡರೆ ಸುಮ್ನೆ ಇರುತ್ತಾ?

ಕನ್ನಡಿಯಲ್ಲಿ ತನ್ನನ್ನೇ ಗುರುತಿಸುವುದು ಪ್ರಾಣಿಗಳಲ್ಲಿ ಬಹಳ ಅಪರೂಪ. 1970ರಲ್ಲಿ ಗಾರ್ಡನ್ ಗ್ಯಾಲಪ್ ಅನ್ನುವವರು ಚಿಂಪಾಂಜಿಗಳಿಗೆ ಅದು ಸಾಧ್ಯ ಅಂತ ತೋರಿಸಿದರು. 2006ರಲ್ಲಿ ನ್ಯೂಯಾರ್ಕಿನ ಮೃಗಾಲಯದಲ್ಲಿ ಒಂದು ಆನೆ, ನಮ್ಮ ಆಲೂರು ಸಕಲೇಶಪುರದ ಕಡೆ ಓಡಾಡುತ್ತಲ್ಲ ಅದೇ ಏಷ್ಯಾದ ಆನೆ, ತನ್ನ ತಲೆ ಮೇಲೆ ಹಚ್ಚಿದ ಗುರುತನ್ನು ಕನ್ನಡಿ ನೋಡಿಕೊಂಡು ಸೊಂಡಿಲಲ್ಲಿ ಮುಟ್ಟಿತು. ಹಕ್ಕಿಗಳಲ್ಲಿ 2008ರಲ್ಲಿ ಜರ್ಮನಿಯ ಮ್ಯಾಗ್‌ಪೈ ಹಕ್ಕಿ, ಕಾಗೆಯ ಬಳಗದ್ದು, ತನ್ನ ಕುತ್ತಿಗೆಗೆ ಅಂಟಿಸಿದ ಬಣ್ಣದ ಚೀಟಿಯನ್ನು ಕನ್ನಡಿಯಲ್ಲಿ ಕಂಡು ಕಿತ್ತುಹಾಕಿತು. ನಿಮ್ಮ ಹಕ್ಕಿಗೆ ಅದು ಗೊತ್ತಾಗದಿದ್ದರೆ ಅದು ದಡ್ಡ ಅಂತ ಅಲ್ಲ. ಕಾಡಿನಲ್ಲಿ ಅದಕ್ಕೆ ಕನ್ನಡಿ ಬೇಕಾಗೇ ಇರಲಿಲ್ಲ, ಅಲ್ವಾ?

ಎಲ್ಲ ಹಕ್ಕಿಗಳೂ ಹೀಗೆ ಮಾಡುವುದಿಲ್ಲ. ಮರಿ ಮಾಡುವ ಕಾಲದಲ್ಲಿ ಜೋಡಿಯಾಗಿ ಒಂದು ಜಾಗ ಹಿಡಿದು ಕಾಯುವ ಹಕ್ಕಿಗಳೇ ಜಾಸ್ತಿ. ನಮ್ಮ ಬೀದಿಗಳಲ್ಲಿ ನಾನು ನೋಡಿರುವುದು ಪಿಕಳಾರ, ಹೂವಿನ ರಸ ಹೀರುವ ಪುಟ್ಟ ಸೂರಕ್ಕಿ, ಮಡಿವಾಳ ಹಕ್ಕಿ, ಆಮೇಲೆ ಬಾಲ ಕುಣಿಸುತ್ತಾ ಓಡಾಡುವ ಕುಂಡೆಕುಸ್ಕ. ಮಡಿವಾಳ ಹಕ್ಕಿಯನ್ನು ಗುರುತಿಸುವುದು ಸುಲಭ. ಕಪ್ಪು ಬಿಳುಪು, ಬಾಲ ನೆಟ್ಟಗೆ ಮೇಲಕ್ಕೆ. ಮಾರ್ಚ್ ಬಂದರೆ ಗಂಡು ಬೆಳಗಿನ ಜಾವವೇ ಲೈಟ್ ಕಂಬದ ತುದಿಯಲ್ಲೋ ಟಿವಿ ಡಿಶ್ ಮೇಲೋ ಕೂತು ಹಾಡುತ್ತಿರುತ್ತೆ. ಆ ಹಾಡು ಕೂಡ ಜಾಗ ನನ್ನದು ಅನ್ನುವ ಮಾತೇ.

ಮನೆ ಕಿಟಕಿಗೆ ಕುಕ್ಕುವುದೂ ಇದೇ ಕಾರಣಕ್ಕೆ. ಹೊರಗೆ ಬೆಳಕು ಜಾಸ್ತಿ, ಒಳಗೆ ಕಮ್ಮಿ ಇದ್ದಾಗ ಸಾಮಾನ್ಯ ಗಾಜೂ ಹೊರಗಿನಿಂದ ಕನ್ನಡಿಯಂತೆ ಆಗುತ್ತೆ. ಸಂಜೆ ಒಳಗೆ ಲೈಟ್ ಹಾಕಿದರೆ ಆ ಬಿಂಬ ಹೋಗುತ್ತೆ. ಅದಕ್ಕೇ ಕಾಟ ಹಗಲಿನಲ್ಲಿ ಮಾತ್ರ. ಈಗಿನ ಹೊಸ ಮನೆಗಳಿಗೆ ಹೊಳೆಯುವ ಫಿಲ್ಮ್ ಅಂಟಿಸುತ್ತಾರಲ್ಲ, ಅಲ್ಲಿ ಇನ್ನೂ ಜಾಸ್ತಿ.

ಸರಿ, ಏನು ಮಾಡುವುದು? ಬಿಂಬ ಕಾಣದ ಹಾಗೆ ಮಾಡಿ, ಅಷ್ಟು ಸಾಕು. ಕಾರು ನಿಲ್ಲಿಸಿದ ಕೂಡಲೇ ಎರಡೂ ಕನ್ನಡಿಗೆ ಹಳೆ ಕಾಲುಚೀಲವನ್ನೋ ಬಟ್ಟೆ ಚೀಲವನ್ನೋ ಹಾಕಿ ರಬ್ಬರ್ ಬ್ಯಾಂಡ್ ಸುತ್ತಿ. ಕನ್ನಡಿ ಮಡಚಿದರೆ ಸಾಲದು, ಕೆಲವು ಸಲ ಪಕ್ಕದ ಗಾಜಿಗೆ ಶುರು ಮಾಡುತ್ತೆ. ಕಿಟಕಿಗೆ ಒಳಗಿನಿಂದ ಕರ್ಟನ್ ಎಳೆದರೆ ಉಪಯೋಗ ಇಲ್ಲ. ದಪ್ಪ ಗಾಢ ಬಣ್ಣದ ಕರ್ಟನ್ ಆದರೆ ಬಿಂಬ ಇನ್ನೂ ಸ್ಪಷ್ಟ ಆಗುತ್ತೆ. ಹೊರಗಡೆಯಿಂದಲೇ ಪೇಪರ್ ಅಂಟಿಸಿ, ಇಲ್ಲ ಸೋಪಿನ ನೊರೆ ಬಳಿದು ಹಾಗೇ ಒಣಗಲು ಬಿಡಿ. ಗೂಬೆಯ ಚಿತ್ರ, ಪ್ಲಾಸ್ಟಿಕ್ ಹಾವು ಎಲ್ಲ ದಂಡ. ಎರಡು ದಿನಕ್ಕೆ ಹಕ್ಕಿಗೆ ಅಭ್ಯಾಸ ಆಗಿಬಿಡುತ್ತೆ.

ಕಲ್ಲು ಹೊಡೆಯಬೇಡಿ, ದಯವಿಟ್ಟು. ಹಕ್ಕಿಗೆ ಸಾಮಾನ್ಯವಾಗಿ ದೊಡ್ಡ ಪೆಟ್ಟೇನೂ ಆಗುವುದಿಲ್ಲ, ಮರಿ ಮಾಡುವ ಕಾಲ ಮುಗಿದ ಮೇಲೆ ತಾನಾಗೇ ನಿಲ್ಲಿಸುತ್ತೆ. ಆದರೂ ಕನ್ನಡಿ ಮುಚ್ಚಿ ಅಂತ ನಾನು ಒತ್ತಿ ಹೇಳುವುದಕ್ಕೆ ಕಾರಣ ಕಾರಿನ ಹಿಕ್ಕೆ ಅಲ್ಲ. ಅದು ಕುಕ್ಕುತ್ತಾ ಕಳೆಯುವ ಹೊತ್ತು ಮರಿಗಳಿಗೆ ಹುಳ ತರಬೇಕಾದ ಹೊತ್ತು. ಗೂಡು ಅಲ್ಲೇ ಹತ್ತಿರದಲ್ಲಿ ಎಲ್ಲೋ ಇರುತ್ತೆ.

ಅದಕ್ಕೆ ಇನ್ನೊಂದು ಮಾತು. ಕನ್ನಡಿಗೆ ಹಕ್ಕಿ ಬರುತ್ತಿದ್ದರೆ ಕಾಂಪೌಂಡಿನ ದಾಸವಾಳ, ಕ್ರೋಟನ್ ಗಿಡಗಳನ್ನು ಈಗ ಕತ್ತರಿಸಬೇಡಿ. ಪಿಕಳಾರ ನಮ್ಮ ಎದೆಯ ಎತ್ತರದಲ್ಲೇ ಬಟ್ಟಲಿನಂಥ ಗೂಡು ಕಟ್ಟಿ ಎರಡೋ ಮೂರೋ ಮೊಟ್ಟೆ ಇಡುತ್ತೆ. ಮೊಟ್ಟೆ ಒಡೆಯಲು ಸುಮಾರು 12 ದಿನ, ಮರಿ ಗೂಡು ಬಿಡಲು ಮತ್ತೆ ಹೆಚ್ಚೂಕಮ್ಮಿ ಅಷ್ಟೇ ದಿನ. ಸೂರಕ್ಕಿ ಆದರೆ ಜೇಡರ ಬಲೆಯಲ್ಲಿ ಕಸಕಡ್ಡಿ ಹೆಣೆದು ಸಣ್ಣ ಚೀಲದ ಹಾಗೆ ನೇತುಹಾಕಿರುತ್ತೆ. ಏನೋ ಕಸ ಸಿಕ್ಕಿಕೊಂಡಿದೆ ಅಂತ ಪೊರಕೆಯಲ್ಲಿ ಎಳೆದುಬಿಡುವವರೇ ಜಾಸ್ತಿ. ಪಕ್ಕದಲ್ಲಿ ಒಂದು ತೂತು ಇದೆಯಾ ನೋಡಿ, ಇದ್ದರೆ ಅದು ಗೂಡು.

ವೇಗವಾಗಿ ಹಾರಿ ಬಂದು ಗಾಜಿಗೆ ಡಿಕ್ಕಿ ಹೊಡೆಯುವುದು ಬೇರೆ ವಿಷಯ. ಗಾಜಿನಲ್ಲಿ ಮರ, ಆಕಾಶ ಕಂಡು ದಾರಿ ಇದೆ ಅಂದುಕೊಂಡು ಬರುತ್ತವೆ, ಅದರಲ್ಲಿ ಪ್ರಾಣವೇ ಹೋಗಬಹುದು. ಬಿದ್ದ ಹಕ್ಕಿಯನ್ನು ತೂತು ಮಾಡಿದ ರಟ್ಟಿನ ಡಬ್ಬದಲ್ಲಿಟ್ಟು ಮುಚ್ಚಿ, ಗಲಾಟೆ ಇಲ್ಲದ ಕಡೆ ಒಂದೆರಡು ಗಂಟೆ ಬಿಡಿ. ಬಾಯಿಗೆ ನೀರು ಬಿಡಬೇಡಿ. ಚೇತರಿಸಿಕೊಂಡರೆ ಹೊರಗೆ ತಂದು ತೆರೆಯಿರಿ, ಹಾರಿಹೋಗುತ್ತೆ.

ಆ ಬಿಳಿ ಕಾರಿನ ಮನೆಯ ಅಜ್ಜಿಗೆ ನಾನು ಇದೇ ಹೇಳಿದ್ದೆ. ಮಾರನೇ ದಿನ ಹೋದರೆ ಎರಡೂ ಕನ್ನಡಿಗೆ ಮೊಮ್ಮಗನ ಸ್ಕೂಲಿನ ಬಿಳಿ ಕಾಲುಚೀಲ ಹಾಕಿದ್ದರು. ಪಿಕಳಾರ ಬಂದು ಕಾಲುಚೀಲದ ಮೇಲೆ ಕೂತಿತು, ಆ ಕಡೆ ಈ ಕಡೆ ಬಗ್ಗಿ ನೋಡಿತು, ಹಾರಿಹೋಯಿತು. ನಾಲ್ಕನೇ ದಿನ ಅದು ಗೇಟಿನ ಪಕ್ಕದ ದಾಸವಾಳಕ್ಕೆ ಬಾಯಲ್ಲಿ ಹಸಿರು ಹುಳ ಹಿಡಿದು ಒಳಗೆ ಹೋಗಿದ್ದನ್ನು ಅಜ್ಜಿಯೇ ನನಗೆ ಕೈ ಮಾಡಿ ತೋರಿಸಿದರು.