ಗೆರೆ ನೋಡಬೇಡಿ, ಬಲಗೈ ನೋಡಿ

ಚಂಡಮಾರುತ ಅಂತ ಸುದ್ದಿಯಾದ ಕೂಡಲೇ ನನ್ನ ಫೋನಿಗೆ ಒಂದು ಚಿತ್ರ ಬರುತ್ತದೆ. ಕಡಲಲ್ಲಿ ಕೆಂಪು ಸುಳಿ, ಅಲ್ಲಿಂದ ಹೊರಟ ಒಂದು ಗೆರೆ, ಗೆರೆ ದಡ ಮುಟ್ಟುವಲ್ಲಿ ಒಂದು ಊರಿನ ಹೆಸರು. ಕೆಳಗೆ ಒಂದೇ ಪ್ರಶ್ನೆ: 'ನಮ್ಮೂರಿಗೆ ಬರಲ್ಲ ಅಲ್ವಾ?'

ನನ್ನದು ಹಡಗುಗಳಿಗೆ ಹವಾಮಾನ ಹೇಳುವ ಕೆಲಸ. ಈ ದಾರಿಯಲ್ಲಿ ಹೋಗಿ, ಆ ದಾರಿ ಬೇಡ, ಇನ್ನೆರಡು ದಿನ ಬಂದರಿನ ಹೊರಗೇ ನಿಲ್ಲಿ, ಇಷ್ಟೇ. ವರ್ಷಗಟ್ಟಲೆ ಇದನ್ನೇ ಮಾಡಿದ ಮೇಲೆ ಹೇಳ್ತೀನಿ, ಆ ಚಿತ್ರದಲ್ಲಿ ಅತಿ ಕಡಿಮೆ ಉಪಯೋಗಕ್ಕೆ ಬರುವುದು ಆ ಗೆರೆ. ಎಲ್ಲರೂ ನೋಡುವುದೂ ಅದನ್ನೇ.

2019ರ ಫಣಿಯನ್ನು ತಗೊಳ್ಳಿ. ಹೆಸರು ಕೊಟ್ಟಿದ್ದು ಬಾಂಗ್ಲಾದೇಶ. ಹೆಡೆ ಎತ್ತಿದ ಹಾವು ಅಂತ ಅರ್ಥ, ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಏಪ್ರಿಲ್ 26ಕ್ಕೆ ಸುಮಾತ್ರಾದ ಪಶ್ಚಿಮಕ್ಕೆ, ಭೂಮಧ್ಯರೇಖೆಯಿಂದ ಸ್ವಲ್ಪವೇ ಮೇಲೆ ವಾಯುಭಾರ ಕುಸಿತ ಆಯಿತು. ಅಷ್ಟು ಕೆಳಗೆ ಹುಟ್ಟಿದರೆ ದಡ ಸೇರಲು ದಾರಿ ಉದ್ದ, ದಾರಿ ಉದ್ದ ಇದ್ದಷ್ಟೂ ಕೆಳಗಿನ ಬಿಸಿ ನೀರಿನಿಂದ ಹೀರಿಕೊಂಡು ದಪ್ಪವಾಗಲು ಸಮಯ ಜಾಸ್ತಿ.

ಮೊದಲ ಎರಡು ದಿನ ಅದು ತಮಿಳುನಾಡಿನ ಕಡೆಗೇ ಬರುವ ಹಾಗಿತ್ತು. ಅಲ್ಲಿಗೆ ರೆಡ್ ಅಲರ್ಟ್ ಕೂಡ ಕೊಟ್ಟಿದ್ದರು, ಆಮೇಲೆ ವಾಪಸ್ ತೆಗೆದುಕೊಂಡರು. ಬೆಂಗಳೂರಿನಲ್ಲಿರುವ ನನ್ನ ಅಕ್ಕ ದಿನಾ ಫೋನ್. 'ಮಳೆ ಬರುತ್ತೇನೋ? ಟ್ಯಾಂಕರ್‌ಗೆ ಹೇಳೋದು ಬೇಡವಾ?' ಬರಲಿಲ್ಲ. 'ನಿಮ್ಮದೆಲ್ಲ ಬರೀ ಬುರುಡೆ ಕಣೋ' ಅಂದಳು.

ಬುರುಡೆ ಅಲ್ಲ, ಆದರೆ ಅವಳ ಸಿಟ್ಟೂ ಅರ್ಥವಾಗುತ್ತದೆ. ಚಂಡಮಾರುತ ತಾನಾಗಿ ಎಲ್ಲಿಗೂ ಹೋಗುವುದಿಲ್ಲ. ಹೊಳೆಯಲ್ಲಿ ಬಿಟ್ಟ ತೆಪ್ಪದ ಹಾಗೆ, ಸುತ್ತಲಿನ ದೊಡ್ಡ ಗಾಳಿ ಎತ್ತ ತಳ್ಳುತ್ತದೋ ಅತ್ತ ತೇಲುತ್ತದೆ. ಬಂಗಾಳ ಕೊಲ್ಲಿಯ ಮೇಲೆ ಎತ್ತರದಲ್ಲಿ ಒಂದು ಹೆಚ್ಚು ಒತ್ತಡದ ಗುಡ್ಡೆ ಕೂತಿರುತ್ತದೆ. ಚಂಡಮಾರುತ ಆ ಗುಡ್ಡೆಯ ಪಶ್ಚಿಮದ ಅಂಚು ಹಿಡಿದು ಸುತ್ತಿಕೊಂಡು ಮೇಲೆ ಬರುತ್ತದೆ. ಗುಡ್ಡೆ ಸ್ವಲ್ಪ ಪಶ್ಚಿಮಕ್ಕೆ ಚಾಚಿದರೆ ಚೆನ್ನೈ, ಸ್ವಲ್ಪ ಹಿಂದಕ್ಕೆ ಸರಿದರೆ ಒಡಿಶಾ. ಫಣಿ ವಾಯವ್ಯಕ್ಕೆ ಬರುತ್ತಿದ್ದದ್ದು ಮೇ 1ರ ಹೊತ್ತಿಗೆ ನಿಧಾನಕ್ಕೆ ಉತ್ತರಕ್ಕೆ, ಆಮೇಲೆ ಉತ್ತರ ಈಶಾನ್ಯಕ್ಕೆ ತಿರುಗಿತು. ಅಷ್ಟೊತ್ತಿಗೆ ಪುರಿ ಅನ್ನುವುದು ಬಹುತೇಕ ಗೊತ್ತಾಗಿತ್ತು.

'ಬಹುತೇಕ' ಎಂದರೆ ಎಷ್ಟು? ನಮ್ಮ ಕಡಲುಗಳಲ್ಲಿ 24 ಗಂಟೆ ಮುಂಚೆ ಹೇಳಿದ ಜಾಗಕ್ಕೂ ನಿಜವಾಗಿ ಹೋದ ಜಾಗಕ್ಕೂ ಸರಾಸರಿ ವ್ಯತ್ಯಾಸ ಸುಮಾರು 80 ಕಿ.ಮೀ. ಹೆಚ್ಚುಕಮ್ಮಿ ಮಂಗಳೂರಿಗೂ ಕುಂದಾಪುರಕ್ಕೂ ಇರುವಷ್ಟು ದೂರ. ಅದಕ್ಕೇ ಗೆರೆಯ ಎರಡೂ ಕಡೆ ಒಂದು ಶಂಕುವಿನ ಆಕಾರ ಬಿಡಿಸಿರುತ್ತಾರೆ, ಹೋಗ್ತಾ ಹೋಗ್ತಾ ಅಗಲವಾಗುವಂಥದ್ದು. ಟಿವಿಯವರು ಅದನ್ನು ಅಳಿಸಿ ಗೆರೆ ಮಾತ್ರ ಇಟ್ಟುಕೊಳ್ಳುತ್ತಾರೆ, ನೋಡಲು ಚೆಂದ ಅಂತಲೋ ಏನೋ.

ಇನ್ನು ಗಾಳಿಯ ವೇಗ. ಇದನ್ನು ಕೇಳಿದರೆ ಜನ ನಂಬುವುದಿಲ್ಲ, ಕಡಲ ಮಧ್ಯೆ ಇರುವ ಚಂಡಮಾರುತದ ಗಾಳಿಯನ್ನು ನಮ್ಮಲ್ಲಿ ಸಾಮಾನ್ಯವಾಗಿ ಯಾರೂ ಅಳೆಯುವುದಿಲ್ಲ. ಅಮೆರಿಕದಲ್ಲಿ ವಿಮಾನವನ್ನೇ ಒಳಗೆ ನುಗ್ಗಿಸಿ ಅಳೆಯುತ್ತಾರೆ. ನಮ್ಮಲ್ಲಿ ಆ ವ್ಯವಸ್ಥೆ ಇಲ್ಲ. ಮತ್ತೆ ಗಂಟೆಗೆ 185 ಕಿ.ಮೀ. ಅನ್ನುವಂಥ ಅಂಕಿ ಎಲ್ಲಿಂದ ಬರುತ್ತದೆ? ಮೋಡದ ಮುಖ ನೋಡಿ. ವೈದ್ಯರು ನಾಲಿಗೆ ನೋಡಿ ಜ್ವರ ಹೇಳಿದ ಹಾಗೆ. ವರ್ನನ್ ಡ್ವೊರಾಕ್ ಎಂಬ ಅಮೆರಿಕದ ವಿಜ್ಞಾನಿ 1970ರ ದಶಕದಲ್ಲಿ ಮಾಡಿಕೊಟ್ಟ ವಿಧಾನ ಇದು, ಇವತ್ತಿಗೂ ಅದೇ ಆಧಾರ.

ಮೇ 2ರ ರಾತ್ರಿ ನನ್ನ ಪಾಳಿ. ಇನ್ಸಾಟ್ ಉಪಗ್ರಹದ ಇನ್‌ಫ್ರಾರೆಡ್ ಚಿತ್ರ ಪರದೆ ಮೇಲೆ. ಈ ಚಿತ್ರದಲ್ಲಿ ಕಾಣುವುದು ಬೆಳಕಲ್ಲ, ಶಾಖ, ಅದಕ್ಕೇ ನಡುರಾತ್ರಿಯಲ್ಲೂ ಕಾಣುತ್ತದೆ. ನಡುವೆ ಒಂದು ಸಣ್ಣ ಕಪ್ಪು ಚುಕ್ಕೆ, ಅದು ಕಣ್ಣು. ಅಲ್ಲಿ ಗಾಳಿ ಕೆಳಗಿಳಿದು ಬಿಸಿಯಾಗಿ, ಮೋಡ ಚದುರಿರುತ್ತದೆ. ಕಣ್ಣಿನ ಸುತ್ತ ಬಳೆಯ ಹಾಗೆ ಎತ್ತರದ, ತುಂಬಾ ತಣ್ಣಗಿನ ಮೋಡ. ಕಣ್ಣು ಎಷ್ಟು ಬಿಸಿ, ಬಳೆ ಎಷ್ಟು ತಣ್ಣಗೆ, ಬಳೆ ಎಲ್ಲೂ ಕಡಿಯದೆ ಪೂರ್ತಿ ಸುತ್ತಿದೆಯಾ, ಎಷ್ಟು ದಪ್ಪ ಇದೆ, ಇದನ್ನೆಲ್ಲ ಒಂದೊಂದಾಗಿ ನೋಡಿ ಒಂದು ಅಂಕ ಕೊಡಬೇಕು. ಅದಕ್ಕೆ ಟಿ ನಂಬರ್ ಅನ್ನುತ್ತೇವೆ. 5.5 ಎಂದರೆ 102 ನಾಟ್, ಗಂಟೆಗೆ ಸುಮಾರು 189 ಕಿ.ಮೀ. 6 ಎಂದರೆ 115 ನಾಟ್, ಅಂದರೆ 213. ಅರ್ಧ ಅಂಕಕ್ಕೆ 24 ಕಿ.ಮೀ. ವ್ಯತ್ಯಾಸ! ಪಕ್ಕದ ಕುರ್ಚಿಯ ಸಹೋದ್ಯೋಗಿ 6 ಅಂದ, ನಾನು 5.5 ಅಂದೆ. ಬಳೆಯ ಆಗ್ನೇಯ ಮೂಲೆ ಸ್ವಲ್ಪ ತೆಳ್ಳಗಾಗಿದೆ ಅಂತ ನನ್ನ ವಾದ. ಚಹಾ ತಣ್ಣಗಾಯಿತು, ವಾದ ಮುಗಿಯಲಿಲ್ಲ.

ಆದ್ದರಿಂದ ಬೇರೆ ಬೇರೆ ಕಡೆ ಬೇರೆ ಬೇರೆ ಅಂಕಿ ಕಂಡರೆ ಯಾರೋ ಸುಳ್ಳು ಹೇಳುತ್ತಿದ್ದಾರೆ ಅಂದುಕೊಳ್ಳಬೇಡಿ. ಇನ್ನೊಂದು ಕಾರಣವೂ ಇದೆ. ನಮ್ಮ ಹವಾಮಾನ ಇಲಾಖೆ ಮೂರು ನಿಮಿಷದ ಸರಾಸರಿ ಗಾಳಿ ಹೇಳುತ್ತದೆ, ಅಮೆರಿಕದವರು ಒಂದು ನಿಮಿಷದ್ದು. ಒಂದು ನಿಮಿಷದ್ದು ಯಾವಾಗಲೂ ಜಾಸ್ತಿಯೇ ಕಾಣುತ್ತದೆ. 2013ರಲ್ಲಿ ಫೈಲಿನ್ ಬಂದಾಗ ಹೊರಗಿನ ಕೆಲವರು ಇದು ಸೂಪರ್ ಸೈಕ್ಲೋನ್, ಅಂದರೆ ಎಲ್ಲಕ್ಕಿಂತ ಮೇಲಿನ ದರ್ಜೆಯದು ಅಂತ ಕೂಗಿದರು, ಇಲಾಖೆ ತನ್ನ ಅಂಕಿ ಬಿಟ್ಟು ಕದಲಲಿಲ್ಲ. ಅಕ್ಟೋಬರ್ 12ಕ್ಕೆ ಒಡಿಶಾದ ಗೋಪಾಲಪುರದ ಹತ್ತಿರ ದಡ ದಾಟಿದಾಗ ಇಲಾಖೆ ಹೇಳಿದ್ದರ ಆಸುಪಾಸೇ ಇತ್ತು.

ಆದರೆ 190 ಆದರೇನು, 210 ಆದರೇನು ಅನ್ನಬೇಡಿ. ಗಾಳಿಯ ಹೊಡೆತ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ವೇಗ ಕಾಲುಭಾಗ ಹೆಚ್ಚಾದರೆ ಗೋಡೆ ಮೇಲಿನ ಒತ್ತಡ ಒಂದೂವರೆ ಪಟ್ಟು ಮೀರುತ್ತದೆ. ಶೀಟಿನ ಮಾಡಿಗೆ ಇದು ಚೆನ್ನಾಗಿ ಗೊತ್ತು.

ಈಗ ಬಲಗೈ ವಿಷಯ. ಚಂಡಮಾರುತದ ಬೆನ್ನ ಹಿಂದೆ ನಿಂತಿದ್ದೀರಿ, ಅದು ಹೋಗುತ್ತಿರುವ ದಿಕ್ಕಿಗೇ ನಿಮ್ಮ ಮುಖ ಅಂತ ಅಂದುಕೊಳ್ಳಿ. ನಮ್ಮ ಅರ್ಧಗೋಳದಲ್ಲಿ ಗಾಳಿ ಗಡಿಯಾರದ ಮುಳ್ಳಿಗೆ ವಿರುದ್ಧ ಸುತ್ತುತ್ತದೆ. ಹಾಗಾಗಿ ನಿಮ್ಮ ಬಲಗಡೆ ಸುತ್ತುವ ಗಾಳಿಯೂ ಮುಂದಕ್ಕೆ, ಚಂಡಮಾರುತದ ನಡಿಗೆಯೂ ಮುಂದಕ್ಕೆ, ಎರಡೂ ಸೇರುತ್ತವೆ. ಎಡಗಡೆ ಒಂದರಲ್ಲಿ ಒಂದು ಕಳೆಯುತ್ತದೆ. ಇನ್ನೂ ಮುಖ್ಯವಾಗಿ, ಬಲಗಡೆಯ ಗಾಳಿ ಕಡಲನ್ನು ನೆಲದ ಕಡೆ ನೂಕುತ್ತದೆ. ಫಣಿ ಪುರಿಯಲ್ಲಿ ದಡ ದಾಟುವಾಗ ಬಲಗಡೆ ಕೋನಾರ್ಕ್, ಅಸ್ತರಂಗ. ಎಡಗಡೆ ಗೋಪಾಲಪುರದಲ್ಲಿ ಗಾಳಿ ನೆಲದಿಂದ ಕಡಲಿಗೆ. ಗೆರೆಯಿಂದ ಒಂದೇ ದೂರ ಇರುವ ಎರಡು ಊರುಗಳ ಹಣೆಬರಹ ಹೀಗೆ ಬೇರೆಯಾಗುತ್ತದೆ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ, ಅಂದರೆ ಪುಸ್ತಕದಲ್ಲಿ ಓದಿದ್ದೆ, ಕಲಿತದ್ದು ಬೇರೆ ಕಡೆ. ಕೆಲಸಕ್ಕೆ ಸೇರಿದ ಹೊಸತು. ಪೂರ್ವ ಕರಾವಳಿಯ ಒಂದು ಬಂದರಿನವರು ಫೋನ್ ಮಾಡಿದರು, ಕ್ರೇನ್‌ಗಳನ್ನು ಕಟ್ಟಿಹಾಕಬೇಕಾ ಅಂತ. ಕಟ್ಟಿದರೆ ಒಂದು ದಿನದ ಕೆಲಸ ಹೋಯಿತು. ನಾನು ಗೆರೆ ನೋಡಿದೆ. 'ನಿಮ್ಮಿಂದ 60 ಕಿ.ಮೀ. ದಕ್ಷಿಣಕ್ಕೆ ಹೋಗುತ್ತೆ ಸರ್' ಅಂದೆ, ದೂರ ಇದೆ ಅನ್ನುವ ಧಾಟಿಯಲ್ಲಿ. ಚಂಡಮಾರುತ ಪಶ್ಚಿಮಕ್ಕೆ ಹೋಗುವಾಗ 60 ಕಿ.ಮೀ. ಉತ್ತರದಲ್ಲಿರುವ ಊರು ಸರಿಯಾಗಿ ಬಲಗೈಯಲ್ಲಿರುತ್ತದೆ ಅನ್ನುವುದು ಹೊಳೆಯಲೇ ಇಲ್ಲ. ಒಂದು ಕ್ರೇನ್ ಹಳಿ ಮೇಲೆ ತಾನೇ ಓಡಿ ಇನ್ನೊಂದಕ್ಕೆ ಗುದ್ದಿತು. ರಾತ್ರಿಯಾದ್ದರಿಂದ ಅಲ್ಲಿ ಯಾರೂ ಇರಲಿಲ್ಲ. ಮರುದಿನ ಅವರು ಬೈಯಲೂ ಇಲ್ಲ, ಚಿತ್ರ ಕಳಿಸಿದರು ಅಷ್ಟೇ.

ನೀರಿನ ಬಗ್ಗೆ ಇನ್ನೊಂದು ಮಾತು. ಚಂಡಮಾರುತದ ಕಣ್ಣಲ್ಲಿ ಒತ್ತಡ ಕಡಿಮೆ, ಅದಕ್ಕೆ ಕಡಲು ಮೇಲೆದ್ದು ಬರುತ್ತದೆ ಅಂತ ಶಾಲೆಯಲ್ಲಿ ಹೇಳಿರುತ್ತಾರೆ. ಅದು ನಿಜ, ಆದರೆ ಚಿಲ್ಲರೆ ಲೆಕ್ಕ. ಒಂದು ಮಿಲಿಬಾರ್ ಕುಸಿದರೆ ನೀರು ಒಂದು ಸೆಂಟಿಮೀಟರ್ ಏರುತ್ತದೆ. 70 ಮಿಲಿಬಾರ್ ಕುಸಿದರೂ ಮುಕ್ಕಾಲು ಮೀಟರ್ ಆಗಲಿಲ್ಲ. ಕೊಲ್ಲುವುದು ಗಾಳಿ ನೂಕಿಕೊಂಡು ತರುವ ನೀರು. ತಳ ಆಳ ಇಲ್ಲದ ಕಡೆ ಅದಕ್ಕೆ ಕೆಳಗಿನಿಂದ ವಾಪಸ್ ಹೋಗಲು ಜಾಗ ಇಲ್ಲ, ಮೇಲೇರುತ್ತದೆ. 1999ರ ಅಕ್ಟೋಬರ್ 29ರ ಸೂಪರ್ ಸೈಕ್ಲೋನ್‌ನಲ್ಲಿ ಒಡಿಶಾದ ಪಾರಾದೀಪದ ಹತ್ತಿರ ಐದಾರು ಮೀಟರ್ ನೀರು ಬಂತು. ಎರಸಮಾದ ಕಡೆ ಹಳ್ಳಿಗೆ ಹಳ್ಳಿಯೇ ಹೋಯಿತು. ಸತ್ತವರು ಸುಮಾರು ಹತ್ತು ಸಾವಿರ.

ಫಣಿಯಲ್ಲಿ ನೀರು ಒಂದೂವರೆ ಮೀಟರ್‌ನಷ್ಟು ಅಂತ ಅಂದಾಜು ಕೊಟ್ಟಿದ್ದರು. ಮೇ 3ರ ಬೆಳಗ್ಗೆ 8ರಿಂದ 10ರ ನಡುವೆ, ಗಂಟೆಗೆ 175ರಿಂದ 185 ಕಿ.ಮೀ. ವೇಗದಲ್ಲಿ ದಡ ದಾಟಿತು. ಪುರಿಯಲ್ಲಿ ಕಂಬಗಳು ಸಾಲುಸಾಲಾಗಿ ಮಲಗಿದವು, ವಾರಗಟ್ಟಲೆ ಕರೆಂಟ್ ಇಲ್ಲ. ಒಡಿಶಾದಲ್ಲಿ ಸತ್ತವರು 64. ಸಣ್ಣ ಸಂಖ್ಯೆ ಅಲ್ಲ, ಆದರೆ 1999ರ ಪಕ್ಕ ಇಟ್ಟು ನೋಡಿ. ಮುಂಚೆಯೇ ಸುಮಾರು 12 ಲಕ್ಷ ಜನರನ್ನು ಎಬ್ಬಿಸಿ ಸಾಗಿಸಿದ್ದರು, ಅದೂ ಚುನಾವಣೆಯ ಗಲಾಟೆಯ ನಡುವೆ. ಗೆರೆ ಖಚಿತವಾಗಲಿ ಅಂತ ಕಾದಿದ್ದರೆ ಅಷ್ಟು ಜನರನ್ನು ಸಾಗಿಸಲು ಬಸ್ಸೂ ಸಿಗುತ್ತಿರಲಿಲ್ಲ, ಸಮಯವೂ ಸಿಗುತ್ತಿರಲಿಲ್ಲ. ಶಂಕುವಿನೊಳಗೆ ಬಂದ ಊರನ್ನೆಲ್ಲ ಖಾಲಿ ಮಾಡಿಸಿದರು. ಕೆಲವರು ಸುಮ್ನೆ ಹೋಗಿ ಬಂದ ಹಾಗಾಯಿತು. ಆಗಲಿ ಬಿಡಿ.

ಕಣ್ಣು ಮೇಲೆ ಬಂದಾಗ ಗಾಳಿ ಬಹುತೇಕ ನಿಲ್ಲುತ್ತದೆ, ಬಿಸಿಲೂ ಬರಬಹುದು. ಮುಗಿಯಿತು ಅಂತ ಜನ ದನ ನೋಡಲು, ಮಾಡು ನೋಡಲು ಹೊರಗೆ ಬರುತ್ತಾರೆ. ಅರ್ಧ ಗಂಟೆಯೋ ಒಂದು ಗಂಟೆಯೋ, ಆಮೇಲೆ ಅಷ್ಟೇ ಗಾಳಿ, ತದ್ವಿರುದ್ಧ ದಿಕ್ಕಿನಿಂದ. ಮೊದಲ ಹೊಡೆತಕ್ಕೆ ಬಾಗಿ ನಿಂತ ಮರ ಎರಡನೆಯದಕ್ಕೆ ಬೀಳುತ್ತದೆ.

ನಮ್ಮ ಕರಾವಳಿಗೆ ಇದೆಲ್ಲ ಯಾಕೆ ಅನ್ನುವವರಿಗೆ 2021ರ ಮೇ ತಿಂಗಳ ತೌಕ್ತೆ ನೆನಪಿರಬೇಕು. ಅದರ ಗೆರೆ ಕರ್ನಾಟಕವನ್ನು ಮುಟ್ಟಲೇ ಇಲ್ಲ, ದೂರದ ಕಡಲಲ್ಲೇ ಉತ್ತರಕ್ಕೆ ಹೋಗಿ 17ರ ರಾತ್ರಿ ಗುಜರಾತಿನಲ್ಲಿ ದಡ ದಾಟಿತು. ಆದರೂ ಉಳ್ಳಾಲದ ಕಡೆ ಅಲೆಗಳು ಮನೆಗಳಿಗೇ ಬಂದು ಬಡಿದವು. ಉತ್ತರಕ್ಕೆ ಹೋಗುವ ಚಂಡಮಾರುತಕ್ಕೆ ಬಲಗೈ ಯಾವುದು? ನಾವೇ.

ಆ 15ರ ಬೆಳಗ್ಗೆ ಮಲ್ಪೆಯಿಂದ ನನ್ನ ಮಾವ ಫೋನ್ ಮಾಡಿದರು. ಮೀನುಗಾರಿಕೆ ನಿಷೇಧಕ್ಕೆ ಇನ್ನೂ ಎರಡು ವಾರ ಇತ್ತು, ದೋಣಿ ಇನ್ನೂ ನೀರಲ್ಲೇ. ಗೆರೆ ಎಲ್ಲಿದೆ ಅಂತ ಅವರು ಕೇಳಲೇ ಇಲ್ಲ. 'ಗಾಳಿ ಯಾವ ಕಡೆಯಿಂದ ಮಾರಾಯಾ? ಯಾವಾಗ ತಿರುಗ್ತದೆ?' ಅಂದರು. ಈಗ ಆಗ್ನೇಯದಿಂದ, ಆಮೇಲೆ ದಕ್ಷಿಣ, ಅದು ನಮ್ಮನ್ನು ದಾಟಿ ಮೇಲೆ ಹೋದ ಮೇಲೆ ನೈಋತ್ಯ, ಅಲೆ ನೇರ ದಡಕ್ಕೆ ಬರುವುದು ಆಗಲೇ ಮಾವ, ಅಂದೆ. 'ಹಾಗಾದ್ರೆ ಟಿವಿಯಲ್ಲಿ ದಾಟಿ ಹೋಯ್ತು ಅಂದ ಮೇಲೆ ನಮಗೆ ಶುರು' ಅಂದು ಫೋನ್ ಇಟ್ಟು, ಎರಡನೇ ಹಗ್ಗ ಕಟ್ಟಲು ಹೋದರು.