ಗಾಳಿ ವಿದ್ಯುತ್ತು ನಂಬಬಹುದಾ? ಮೊದಲು ಮಾರ್ಚ್ ತಿಂಗಳ ಲೆಕ್ಕ ನೋಡಿ

ಬೆಂಗಳೂರಿನ ಕಂಪನಿಗಳಿಗೆ, ದೊಡ್ಡ ಕಟ್ಟಡಗಳಿಗೆ ವಿದ್ಯುತ್ ಖರೀದಿಯ ಲೆಕ್ಕ ಹಾಕಿಕೊಡುವುದು ನನ್ನ ಕೆಲಸ. ಎಲ್ಲರೂ ಕೇಳುವುದು ಒಂದೇ: "ಗಾಳಿ ನಿಂತುಬಿಟ್ರೆ ಏನ್ ಸಾರ್ ಮಾಡೋದು?"

ಒಂದೆರಡು ಗಂಟೆ ನಿಂತರೆ ಅಂಥ ದೊಡ್ಡ ತಲೆನೋವಲ್ಲ. ಗಾಳಿಯಂತ್ರಗಳಿರುವ ಚಿತ್ರದುರ್ಗದಲ್ಲಿ ಗಾಳಿ ಬಿದ್ದರೆ ಗದಗದಲ್ಲಿ ಬೀಸುತ್ತಿರಬಹುದು. ಜೊತೆಗೆ ದಿನವನ್ನು 15 ನಿಮಿಷದ 96 ತುಂಡು ಮಾಡಿ, ಪ್ರತಿ ತುಂಡಿಗೂ ಎಷ್ಟು ಕರೆಂಟು ಬರುತ್ತದೆ ಎಂದು ಗಾಳಿ ವಿದ್ಯುತ್ ಘಟಕದವರು ಮೊದಲೇ ಅಂದಾಜು ಕೊಡುತ್ತಾರೆ.

ನಿಜವಾದ ತೊಡಕು ಇರುವುದು ಕಾಲದಲ್ಲಿ. ನಮ್ಮಲ್ಲಿ ಗಾಳಿ ಜೋರಾಗುವುದು ಮುಂಗಾರಿನ ಜೊತೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಊರಿಗೆ ಕರೆಂಟು ಜಾಸ್ತಿ ಬೇಕಾಗುವುದು ಫ್ಯಾನು, ಎಸಿ, ಬೋರ್‌ವೆಲ್ ಎಲ್ಲ ಒಟ್ಟಿಗೆ ಓಡುವ ಮಾರ್ಚ್, ಏಪ್ರಿಲ್‌ನಲ್ಲಿ. ಗಾಳಿಯ ವೇಗ ಸೆಕೆಂಡಿಗೆ 8 ಮೀಟರ್‌ನಿಂದ 4ಕ್ಕೆ ಇಳಿದರೆ ಅದರಲ್ಲಿನ ಶಕ್ತಿ ಅರ್ಧ ಆಗುವುದಿಲ್ಲ, ಎಂಟನೇ ಒಂದು ಭಾಗ ಆಗುತ್ತದೆ. ಹಾಗಾಗಿ ಚಿತ್ರದುರ್ಗದ ಹೈವೇಯಲ್ಲಿ ಹೋಗುವಾಗ ರೆಕ್ಕೆ ತಿರುಗುತ್ತಿರುವುದು ಕಂಡರೂ, ಬರುತ್ತಿರುವ ಕರೆಂಟು ತೀರಾ ಕಮ್ಮಿ ಇರಬಹುದು.

ಹಾಗಂತ ಗಾಳಿಯನ್ನು ಸುಮ್ನೆ ತಳ್ಳಿಹಾಕಬೇಡಿ. ಮಳೆಗಾಲದ ಮೋಡಕ್ಕೆ ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಮಂಕಾದಾಗ ಕೈ ಹಿಡಿಯುವುದು ಗಾಳಿಯೇ, ರಾತ್ರಿ ಹೊತ್ತಿನಲ್ಲೂ. ಆ ತಿಂಗಳುಗಳಲ್ಲಿ ಗಾಳಿಯಿಂದ ಕರೆಂಟು ಬಂದಷ್ಟೂ ಲಿಂಗನಮಕ್ಕಿ ಜಲಾಶಯದ ನೀರು ಉಳಿಯುತ್ತದೆ, ಆ ನೀರನ್ನು ಬೇಸಿಗೆಯ ಸಂಜೆ, ಸೋಲಾರ್ ಇಲ್ಲದ ಹೊತ್ತಿನಲ್ಲಿ, ಶರಾವತಿ ಟರ್ಬೈನುಗಳಿಗೆ ಬಿಟ್ಟರೆ ಕೆಲವೇ ನಿಮಿಷಗಳಲ್ಲಿ ಕರೆಂಟು ಸಿಗುತ್ತದೆ. ಜುಲೈ ಗಾಳಿ ಏಪ್ರಿಲ್‌ನಲ್ಲಿ ಉಪಯೋಗಕ್ಕೆ ಬಂತು, ಅಲ್ವಾ? ಆದರೆ 2023ರಂತೆ ಮಳೆ ಕೈಕೊಟ್ಟರೆ ಈ ಲೆಕ್ಕ ಬುಡಮೇಲಾಗುತ್ತದೆ. ಅದಕ್ಕೇ ನಗರದ ಸಬ್‌ಸ್ಟೇಷನ್‌ಗಳ ಪಕ್ಕದಲ್ಲೇ ಬ್ಯಾಟರಿ ಇರಬೇಕು ಎಂದು ನಾನು ಹಟ ಹಿಡಿಯುತ್ತೇನೆ. ಬ್ಯಾಟರಿ ಸಂಜೆಯ ಕೆಲವು ಗಂಟೆ ದಾಟಿಸುತ್ತದೆ, ಜುಲೈಯಿಂದ ಏಪ್ರಿಲ್‌ವರೆಗೆ ಕೂಡಿಡುವುದಕ್ಕೆ ಆಗುವುದಿಲ್ಲ.

ಟೆರೇಸ್ ಮೇಲೆ ಪುಟ್ಟ ಗಾಳಿಯಂತ್ರ ಬೇಡ. ಸುತ್ತಲ ಕಟ್ಟಡ, ನೀರಿನ ಟ್ಯಾಂಕುಗಳಿಗೆ ತಾಗಿ ಗಾಳಿ ಚದುರಿಹೋಗುತ್ತದೆ. ಅದೇ ದುಡ್ಡಿಗೆ ಸೋಲಾರ್ ಹಾಕಿಸಿ.

ನಿಮ್ಮ ಕಂಪನಿ ಗಾಳಿ ವಿದ್ಯುತ್ತಿನ ಒಪ್ಪಂದಕ್ಕೆ ಸಹಿ ಹಾಕುವುದಿದ್ದರೆ, ವರ್ಷಕ್ಕೆ ಇಷ್ಟು ಯೂನಿಟ್ ಎಂಬ ಒಂದೇ ಅಂಕಿಗೆ ಒಪ್ಪಬೇಡಿ. ಹಿಂದಿನ ಕೆಲವು ವರ್ಷಗಳ ಉತ್ಪಾದನೆಯನ್ನು ಗಂಟೆ ಗಂಟೆಯ ಲೆಕ್ಕದಲ್ಲಿ ಕೇಳಿ ತರಿಸಿ, ಮಾರ್ಚ್ ಸಂಜೆ 6ರಿಂದ 10ರವರೆಗಿನ ಸಾಲುಗಳನ್ನು ನಿಮ್ಮ ಬಳಕೆಯ ಪಕ್ಕದಲ್ಲಿಟ್ಟು ನೋಡಿ.