ಪದ ಪರಿಚಯ: ಮೆಜಾರಿಟಿ-ಮೈನಾರಿಟಿ ಡಿಸ್ಟ್ರಿಕ್ಟ್

ಅಮೆರಿಕದ ಚುನಾವಣೆ ಸುದ್ದಿ ಓದುವಾಗ ಈ ಪದ ಆಗಾಗ ಎದುರಾಗುತ್ತದೆ. ಮೆಜಾರಿಟಿ ಅಂದ್ರೆ ಹೆಚ್ಚು ಜನ, ಮೈನಾರಿಟಿ ಅಂದ್ರೆ ಕಡಿಮೆ ಜನ. ಎರಡೂ ಒಂದೇ ಕಡೆ ಹೇಗೆ ಸೇರಿದವು ಅನ್ನಿಸುತ್ತೆ, ಅಲ್ವಾ?

ಮೊದಲು 'ಡಿಸ್ಟ್ರಿಕ್ಟ್' ನೋಡೋಣ. ಇದನ್ನು 'ಜಿಲ್ಲೆ' ಅಂತ ಅನುವಾದಿಸಿದರೆ ದಾರಿ ತಪ್ಪುತ್ತೇವೆ. ಇಲ್ಲಿ ಅದರ ಅರ್ಥ ಚುನಾವಣಾ ಕ್ಷೇತ್ರ. 'ಮೈನಾರಿಟಿ' ಅಂದಾಗ ನಮಗೆ ತಕ್ಷಣ ಧರ್ಮ ನೆನಪಾಗುತ್ತದೆ. ಅಲ್ಲಿ ಅದು ಜನಾಂಗದ ಮಾತು: ಕಪ್ಪು ಜನರು, ಲ್ಯಾಟಿನೋಗಳು (ಲ್ಯಾಟಿನ್ ಅಮೆರಿಕ ಮೂಲದವರು), ಏಷ್ಯಾ ಮೂಲದವರು, ಮೂಲನಿವಾಸಿಗಳು. ಇಡೀ ರಾಜ್ಯದಲ್ಲಿ ಕಡಿಮೆ ಇರುವ ಇಂಥ ಜನ ಒಂದು ಕ್ಷೇತ್ರದೊಳಗೆ ಅರ್ಧಕ್ಕಿಂತ ಜಾಸ್ತಿ ಇದ್ದರೆ, ಅದೇ ಮೆಜಾರಿಟಿ-ಮೈನಾರಿಟಿ ಡಿಸ್ಟ್ರಿಕ್ಟ್.

ಇಂಥ ಕ್ಷೇತ್ರ ಯಾಕೆ ಬೇಕಾಯಿತು ಅನ್ನುವುದಕ್ಕೆ ಅಲಬಾಮಾ ರಾಜ್ಯದ ಟಸ್ಕೀಗಿ ಊರಿನ ಕಥೆ ಹೇಳಬೇಕು. ಆ ಊರಲ್ಲಿ ಕಪ್ಪು ಜನರೇ ಹೆಚ್ಚು. 1950ರ ದಶಕದಲ್ಲಿ ಅವರಲ್ಲಿ ಸುಮಾರು 400 ಮಂದಿ, ಅಡ್ಡಿಗಳನ್ನೆಲ್ಲ ದಾಟಿ, ಮತದಾರರ ಪಟ್ಟಿ ಸೇರಿದ್ದರು. 1957ರಲ್ಲಿ ರಾಜ್ಯದ ಶಾಸಕಾಂಗ ಒಂದು ಕಾನೂನು ಮಾಡಿತು. ಅಲ್ಲಿಯವರೆಗೆ ಚೌಕವಾಗಿದ್ದ ಊರಿನ ಎಲ್ಲೆಯನ್ನು 28 ಬದಿಗಳ ಸೊಟ್ಟ ಆಕಾರಕ್ಕೆ ತಿದ್ದಿತು. ಆ 400 ಜನರಲ್ಲಿ ನಾಲ್ಕೈದು ಮಂದಿ ಬಿಟ್ಟು ಉಳಿದವರೆಲ್ಲ ಊರಿನ ಹೊರಗೆ ಬಿದ್ದರು. ಒಬ್ಬನೇ ಒಬ್ಬ ಬಿಳಿಯ ಮತದಾರನೂ ಹೊರಗೆ ಹೋಗಲಿಲ್ಲ. ಯಾರ ಮನೆಯೂ ಜಾಗ ಬದಲಿಸಿರಲಿಲ್ಲ. ಗೆರೆ ಮಾತ್ರ ಬದಲಾಗಿತ್ತು. ಅಲ್ಲಿನ ಕಾಲೇಜಿನ ಮೇಷ್ಟ್ರು ಚಾರ್ಲ್ಸ್ ಗೊಮಿಲಿಯನ್ ಕೋರ್ಟಿಗೆ ಹೋದರು. 1960ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಅವರ ಪರ ನಿಂತಿತು.

ಮತ ಹಾಕುವ ಹಕ್ಕು ಒಂದು, ಹಾಕಿದ ಮತಕ್ಕೆ ತೂಕ ಬರುವುದು ಇನ್ನೊಂದು. 1965ರ ವೋಟಿಂಗ್ ರೈಟ್ಸ್ ಆಕ್ಟ್ ಮೊದಲನೆಯದನ್ನು ಗಟ್ಟಿ ಮಾಡಿತು. ಓದು ಬರಹದ ಪರೀಕ್ಷೆಯಂಥ ಅಡ್ಡಿಗಳು ಹೋದವು, ಕಪ್ಪು ಜನ ಮತಗಟ್ಟೆಗೆ ಬಂದರು. ಆದರೆ ಕ್ಷೇತ್ರಗಳ ಗೆರೆ ಎಳೆಯುವ ಕೆಲಸ ಹೆಚ್ಚಿನ ರಾಜ್ಯಗಳಲ್ಲಿ ಶಾಸಕರ ಕೈಯಲ್ಲೇ ಇತ್ತು, ಇವತ್ತಿಗೂ ಇದೆ. ಹತ್ತು ವರ್ಷಕ್ಕೊಮ್ಮೆ ಜನಗಣತಿ ಮುಗಿದ ಮೇಲೆ ಹೊಸ ನಕ್ಷೆ ಬರುತ್ತದೆ.

ಗೆರೆಯ ಆಟ ಒಂದು ಸಣ್ಣ ಲೆಕ್ಕದಲ್ಲಿ ಅರ್ಥವಾಗುತ್ತದೆ. 500 ಮತದಾರರು, ತಲಾ 100 ಜನರ ಐದು ಕ್ಷೇತ್ರ ಅಂತ ಇಟ್ಟುಕೊಳ್ಳಿ. ಅವರಲ್ಲಿ 120 ಮಂದಿ ಕಪ್ಪು ಜನ. ಐದೂ ಕ್ಷೇತ್ರಕ್ಕೆ 24ರಂತೆ ಹಂಚಿದರೆ ಅವರು ಎಲ್ಲೂ ಗೆಲ್ಲಲಾರರು. ಇದನ್ನು 'ಕ್ರ್ಯಾಕಿಂಗ್' ಅಂತಾರೆ, ಒಡೆದು ಚದುರಿಸುವುದು. ಒಂದೇ ಕ್ಷೇತ್ರಕ್ಕೆ 90 ಜನರನ್ನು ತುಂಬಿಬಿಟ್ಟರೆ ಅಲ್ಲೊಂದು ಗೆಲುವು ಸಿಗುತ್ತದೆ, ಉಳಿದ 30 ಮತ ಸುಮ್ನೆ ಹೋಗುತ್ತದೆ. ಇದು 'ಪ್ಯಾಕಿಂಗ್'. ಎರಡು ಕ್ಷೇತ್ರಗಳಲ್ಲಿ 60, 60 ಇರುವಂತೆ ಗೆರೆ ಎಳೆದರೆ ಎರಡು ಗೆಲುವು. ಅದೇ ಜನ, ಅದೇ ಮತ. ಬಿಳಿಯರು ಕಪ್ಪು ಅಭ್ಯರ್ಥಿಗೆ ಮತ ಹಾಕುವಂತಿದ್ದರೆ ಈ ಲೆಕ್ಕವೇ ಬೇಕಿರಲಿಲ್ಲ. ದಕ್ಷಿಣದ ರಾಜ್ಯಗಳಲ್ಲಿ ಹೆಚ್ಚಾಗಿ ಹಾಕುತ್ತಿರಲಿಲ್ಲ. ಹಾಗಾಗಿ ಈ ಕ್ಷೇತ್ರಗಳನ್ನು ಯಾರೋ ಮಾಡಿಕೊಟ್ಟ ಉಪಕಾರ ಅಂತ ನಾನು ಒಪ್ಪುವುದಿಲ್ಲ. ಮುರಿದದ್ದನ್ನು ಸರಿಮಾಡುವ ಕೆಲಸ ಅದು.

1982ರಲ್ಲಿ ವೋಟಿಂಗ್ ರೈಟ್ಸ್ ಆಕ್ಟ್ ಕಾನೂನಿನ 2ನೇ ಸೆಕ್ಷನ್, ಅಂದ್ರೆ ಜನಾಂಗದ ಕಾರಣಕ್ಕೆ ಮತದ ಹಕ್ಕಿಗೆ ಧಕ್ಕೆ ತರಬಾರದು ಅನ್ನುವ ಭಾಗ, ತಿದ್ದುಪಡಿಯಾಯಿತು. ಗೆರೆ ಎಳೆದವರ ಮನಸ್ಸಿನಲ್ಲಿ ಕೆಟ್ಟ ಉದ್ದೇಶವಿತ್ತು ಅಂತ ಸಾಬೀತು ಮಾಡಬೇಕಿಲ್ಲ, ಪರಿಣಾಮ ನೋಡಿದರೆ ಸಾಕು ಎಂದಾಯಿತು. 1986ರ ಥಾರ್ನ್‌ಬರ್ಗ್-ಗಿಂಗಲ್ಸ್ ತೀರ್ಪಿನಲ್ಲಿ, ಅಂಥ ಪರಿಣಾಮ ಆಗಿದೆಯಾ ಅಂತ ನೋಡಲು ಕೋರ್ಟ್ ಮೂರು ಪ್ರಶ್ನೆ ಮುಂದಿಟ್ಟಿತು. ಆ ಜನ ಒಂದು ಕ್ಷೇತ್ರದಲ್ಲಿ ಬಹುಮತವಾಗುವಷ್ಟು ಸಂಖ್ಯೆಯಲ್ಲಿ, ಹತ್ತಿರ ಹತ್ತಿರ ಇದ್ದಾರಾ? ಅವರು ಒಗ್ಗಟ್ಟಾಗಿ ಮತ ಹಾಕುತ್ತಾರಾ? ಬಿಳಿಯರೂ ಒಗ್ಗಟ್ಟಾಗಿ ಮತ ಹಾಕಿ ಅವರ ಅಭ್ಯರ್ಥಿಯನ್ನು ಸಾಮಾನ್ಯವಾಗಿ ಸೋಲಿಸುತ್ತಾರಾ?

ಇಲ್ಲಿ ನಮ್ಮ ಓದುಗರು ಎಡವುವ ಜಾಗ ಒಂದಿದೆ. ಇದು ನಮ್ಮ ಮೀಸಲು ಕ್ಷೇತ್ರದಂತೆ ಅಲ್ಲ. ಕರ್ನಾಟಕದ 224 ವಿಧಾನಸಭಾ ಕ್ಷೇತ್ರಗಳಲ್ಲಿ 36 ಪರಿಶಿಷ್ಟ ಜಾತಿಗೆ, 15 ಪರಿಶಿಷ್ಟ ಪಂಗಡಕ್ಕೆ ಮೀಸಲು. ಅಲ್ಲಿ ಅಭ್ಯರ್ಥಿ ಆ ಸಮುದಾಯದವರೇ ಆಗಿರಬೇಕು, ಮತ ಹಾಕುವವರು ಎಲ್ಲರೂ. ಅಮೆರಿಕದಲ್ಲಿ ಇದು ತಿರುಗುಮುರುಗು. ಯಾರು ಬೇಕಾದರೂ ನಿಲ್ಲಬಹುದು, ನಿರ್ಧಾರ ಮಾತ್ರ ಆ ಸಮುದಾಯದ ಮತದಾರರ ಕೈಯಲ್ಲಿರುತ್ತದೆ. ಇದಕ್ಕೆ ಉದಾಹರಣೆ ನಮ್ಮ ಕಡೆಯವರೇ ಇದ್ದಾರೆ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2022ರಲ್ಲಿ ಮಿಷಿಗನ್ ರಾಜ್ಯದ 13ನೇ ಕ್ಷೇತ್ರದಿಂದ ಗೆದ್ದರು. ಕಪ್ಪು ಜನ ಬಹಳ ಸಂಖ್ಯೆಯಲ್ಲಿರುವ ಡೆಟ್ರಾಯಿಟ್ ನಗರದ ದೊಡ್ಡ ಭಾಗ ಅದರಲ್ಲಿದೆ. ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿ ಚುನಾವಣೆಯಲ್ಲಿ ಹಲವು ಕಪ್ಪು ಅಭ್ಯರ್ಥಿಗಳಿದ್ದರು, ಮತ ಹಂಚಿಹೋಯಿತು. ಸುಮಾರು 70 ವರ್ಷದಲ್ಲಿ ಮೊದಲ ಸಲ ಡೆಟ್ರಾಯಿಟ್‌ಗೆ ಕಪ್ಪು ಸಂಸದರಿಲ್ಲದಂತಾಯಿತು. ನಮಗೆ ಹೆಮ್ಮೆಯಾದ ಅದೇ ಸುದ್ದಿ ಅಲ್ಲಿ ಹಲವರಿಗೆ ನೋವಿನದ್ದಾಗಿತ್ತು.

ಈ ಪದದ ಸುತ್ತ ದೊಡ್ಡ ಜಗಳ ಶುರುವಾದದ್ದು ಉತ್ತರ ಕ್ಯಾರೊಲೈನಾದಲ್ಲಿ. ಜಾರ್ಜ್ ಹೆನ್ರಿ ವೈಟ್ 1901ರಲ್ಲಿ ಸಂಸತ್ತು ಬಿಟ್ಟ ಮೇಲೆ ಆ ರಾಜ್ಯದಿಂದ ಒಬ್ಬ ಕಪ್ಪು ಸಂಸದರೂ ಆರಿಸಿ ಬಂದಿರಲಿಲ್ಲ. 1992ರಲ್ಲಿ ಇಬ್ಬರು ಗೆದ್ದರು, ಈವಾ ಕ್ಲೇಟನ್ ಮತ್ತು ಮೆಲ್ ವಾಟ್. ವಾಟ್ ಅವರ 12ನೇ ಕ್ಷೇತ್ರ ಸುಮಾರು 160 ಮೈಲಿ ಉದ್ದವಿತ್ತು. ಕೆಲವು ಕಡೆ ಅದರ ಅಗಲ ಹೆದ್ದಾರಿಯಷ್ಟೇ. ಜನಾಂಗ ನೋಡಿ ಗೆರೆ ಎಳೆದಿದ್ದಾರೆ ಅಂತ ಬಿಳಿಯ ಮತದಾರರು ಇದನ್ನು ಪ್ರಶ್ನಿಸಿದರು. 1993ರ ಶಾ-ರೀನೋ ತೀರ್ಪಿನಲ್ಲಿ ಕೋರ್ಟ್ 5-4ರಿಂದ ಅವರ ಮಾತಿಗೆ ಕಿವಿಗೊಟ್ಟಿತು. 1995ರಲ್ಲಿ ಜಾರ್ಜಿಯಾದ ಪ್ರಕರಣದಲ್ಲಿ ಇನ್ನಷ್ಟು ಬಿಗಿ ಮಾಡಿತು: ಗೆರೆ ಎಳೆಯುವಾಗ ಜನಾಂಗವೇ ಎಲ್ಲಕ್ಕಿಂತ ಮುಖ್ಯ ಕಾರಣವಾಗಿದ್ದರೆ, ರಾಜ್ಯ ಅದಕ್ಕೆ ಬಲವಾದ ಸಮರ್ಥನೆ ಕೊಡಬೇಕು.

ಒಂದು ಕಡೆ ಜನಾಂಗವನ್ನು ಗಮನಿಸದಿದ್ದರೆ ತಪ್ಪು, ಇನ್ನೊಂದು ಕಡೆ ಜಾಸ್ತಿ ಗಮನಿಸಿದರೂ ತಪ್ಪು. ನಕ್ಷೆ ಬರೆಯುವವರು ಈ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡರು. ಕಪ್ಪು ಜನರ ನಡುವೆಯೂ ಇದರ ಬಗ್ಗೆ ಒಮ್ಮತವಿಲ್ಲ. ಒಂದೇ ಕ್ಷೇತ್ರಕ್ಕೆ ಸೇರಿಸಿದರೆ ಪಕ್ಕದ ಕ್ಷೇತ್ರಗಳಲ್ಲಿ ತಮ್ಮ ದನಿ ಅಡಗುತ್ತದೆ, ಅಲ್ಲಿನ ಸಂಸದ ತಮ್ಮನ್ನು ಕೇಳುವುದೇ ಇಲ್ಲ ಅನ್ನುವವರು ಇದ್ದಾರೆ. ಆ ಆತಂಕ ನನಗೂ ನಿಜ ಅನ್ನಿಸುತ್ತದೆ. ಆದರೂ 90 ವರ್ಷ ಒಬ್ಬರೂ ಇಲ್ಲದ ರಾಜ್ಯಕ್ಕೆ ಆ ವಾದ ಮೊದಲ ಮಾತಾಗಬಾರದು.

ಮತ್ತೆ ಅಲಬಾಮಾಕ್ಕೆ ಬರೋಣ. ಆ ರಾಜ್ಯದ ನಡುಭಾಗಕ್ಕೆ 'ಬ್ಲ್ಯಾಕ್ ಬೆಲ್ಟ್' ಅನ್ನುತ್ತಾರೆ. ಆ ಹೆಸರು ಬಂದದ್ದು ಮೊದಲು ಮಣ್ಣಿನಿಂದ. ನಮ್ಮ ಧಾರವಾಡ, ಗದಗ ಕಡೆಯ ಎರೆ ಮಣ್ಣಿನ ಹಾಗೆ ಕಪ್ಪು ಮಣ್ಣು, ಅಲ್ಲೂ ಬೆಳೆದದ್ದು ಹತ್ತಿ. ಆ ಹತ್ತಿ ಬಿಡಿಸಲು ಗುಲಾಮರನ್ನಾಗಿ ತಂದವರ ಮಕ್ಕಳು ಮೊಮ್ಮಕ್ಕಳು ಇವತ್ತಿಗೂ ಅಲ್ಲೇ ಇದ್ದಾರೆ. ರಾಜ್ಯದ ಜನರಲ್ಲಿ ಕಪ್ಪು ಜನ ಸುಮಾರು 27%. ಸಂಸತ್ತಿನ ಕ್ಷೇತ್ರಗಳು 7. ಅವರು ಬಹುಮತದಲ್ಲಿದ್ದದ್ದು ಒಂದರಲ್ಲಿ ಮಾತ್ರ. 2023ರ ಜೂನ್‌ನಲ್ಲಿ ಅಲೆನ್-ಮಿಲಿಗನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 5-4ರಿಂದ ಕಪ್ಪು ಮತದಾರರ ಪರ ತೀರ್ಪು ಕೊಟ್ಟಿತು. ರಾಜ್ಯ ಮತ್ತೆ ಹೆಚ್ಚುಕಡಿಮೆ ಹಳೆಯ ದಾರಿಯಲ್ಲೇ ನಕ್ಷೆ ಬರೆಯಿತು. ಕೊನೆಗೆ ಫೆಡರಲ್ ಕೋರ್ಟ್ ತಾನೇ ಒಬ್ಬ ತಜ್ಞರಿಂದ ಗೆರೆ ಎಳೆಸಿತು.

ಹೊಸ 2ನೇ ಕ್ಷೇತ್ರದ ಮತದಾರರಲ್ಲಿ ಕಪ್ಪು ಜನ ಅರ್ಧಕ್ಕೆ ಒಂದು ಚೂರು ಕಡಿಮೆ ಇದ್ದರು. ಲೆಕ್ಕದ ಪ್ರಕಾರ ಅವರಿಗೆ ಅಲ್ಲಿ ಬಹುಮತವಿರಲಿಲ್ಲ. ಆದರೂ ತಮಗೆ ಬೇಕಾದವರನ್ನು ಗೆಲ್ಲಿಸುವ ಅವಕಾಶ ಇತ್ತು, ಕೋರ್ಟ್ ನೋಡಿದ್ದು ಅದನ್ನೇ. 2024ರ ನವೆಂಬರ್‌ನಲ್ಲಿ ಶೋಮಾರಿ ಫಿಗರ್ಸ್ ಗೆದ್ದರು. 7ನೇ ಕ್ಷೇತ್ರದ ಟೆರ್ರಿ ಸ್ಯೂಯೆಲ್ ಜೊತೆ ಸೇರಿ, ಅಲಬಾಮಾದಿಂದ ಒಂದೇ ಹೊತ್ತಿಗೆ ಇಬ್ಬರು ಕಪ್ಪು ಸಂಸದರು ಕೆಳಮನೆಯಲ್ಲಿ ಕೂತದ್ದು ಅದೇ ಮೊದಲು. 28 ಬದಿಗಳ ಗೆರೆಯಿಂದ ಒಮ್ಮೆ ಹೊರಗಿಟ್ಟಿದ್ದ ಟಸ್ಕೀಗಿಯ ಜನರೂ ಆ ಸಲ ಮತ ಹಾಕಿದ್ದು ಈ 2ನೇ ಕ್ಷೇತ್ರದಲ್ಲೇ.